ಅಲ್ಗಾರಿದಂ ಬದಲಿಸುವ ಮೊದಲು ಫಿಟ್‌ನೆಸ್ ಫಂಕ್ಷನ್ ನೋಡಿ

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಸರ್ಚ್ ಬೇಸ್ಡ್ ಸಾಫ್ಟ್‌ವೇರ್ ಎಂಜಿನಿಯರಿಂಗ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ಸಮಸ್ಯೆಗಳಿಗೆ ಹುಡುಕಾಟದ ಅಲ್ಗಾರಿದಂಗಳಿಂದ ಉತ್ತರ ಪಡೆಯುವ ಕ್ಷೇತ್ರದಲ್ಲಿ, ಪಿಎಚ್‌ಡಿ ಮಾಡಬೇಕೆಂದಿದ್ದೇನೆ, ಅದನ್ನೇ ಇಲೆಕ್ಟಿವ್ ಆಗಿ ಕೊಡುವ ಯೋಚನೆಯೂ ಇದೆ. ಟೆಸ್ಟ್ ಕೇಸ್ ಹುಡುಕಲು ಪೈಥಾನ್‌ನಲ್ಲಿ ಜೆನೆಟಿಕ್ ಅಲ್ಗಾರಿದಂ (ಒಳ್ಳೆಯ ಉತ್ತರಗಳನ್ನು ಆರಿಸಿ, ಬೆರೆಸಿ, ಅಲ್ಪಸ್ವಲ್ಪ ಬದಲಿಸಿ ಸುತ್ತಿನಿಂದ ಸುತ್ತಿಗೆ ಸುಧಾರಿಸುವ ವಿಧಾನ) ಬರೆದೆ. ಎಷ್ಟು ಬ್ರಾಂಚ್ (ಷರತ್ತಿನಲ್ಲಿ ಕವಲೊಡೆಯುವ ಕೋಡ್‌ನ ದಾರಿ) ಕವರ್ ಆಯಿತೋ ಅಷ್ಟು ಫಿಟ್‌ನೆಸ್, ಅಂದರೆ ಇನ್‌ಪುಟ್‌ಗೆ ಸಿಗುವ ಅಂಕ. ಸುಲಭದ ಬ್ರಾಂಚ್‌ಗಳು ಬೇಗ ಸಿಗುತ್ತವೆ, ಎರಡು ಬೆಲೆ ಸಮ ಇರಬೇಕು ಎಂಬ ಷರತ್ತು ಬಂದ ಕಡೆ ನಿಂತುಬಿಡುತ್ತದೆ. ರ‍್ಯಾಂಡಮ್ ಇನ್‌ಪುಟ್ ಕೊಟ್ಟರೂ ಅಷ್ಟೇ ಸಿಗುತ್ತದೆ. ಪಾಪ್ಯುಲೇಶನ್ (ಒಂದು ಸುತ್ತಿನಲ್ಲಿ ಪ್ರಯತ್ನಿಸುವ ಇನ್‌ಪುಟ್‌ಗಳ ಗುಂಪು) ಹೆಚ್ಚಿಸಿದರೂ ಪ್ರಯೋಜನವಾಗಲಿಲ್ಲ. ಪಾರ್ಟಿಕಲ್ ಸ್ವಾರ್ಮ್ ಎಂಬ ಬೇರೆ ಹುಡುಕಾಟದ ಅಲ್ಗಾರಿದಂಗೆ ಹೋಗಲೇ? ಪಾಠ ಎಲ್ಲಿಂದ ಶುರು ಮಾಡಲಿ? ರಿವ್ಯೂವರ್‌ಗಳು ಒಪ್ಪುವಂತೆ ಪ್ರಯೋಗ ಮಾಡುವುದು ಹೇಗೆ?

ಉತ್ತರ: ಅಲ್ಗಾರಿದಂ ಬದಲಿಸಬೇಡಿ. ತೊಂದರೆ ಇರುವುದು ಫಿಟ್‌ನೆಸ್ ಫಂಕ್ಷನ್‌ನಲ್ಲಿ. ಕವರ್ ಆದ ಬ್ರಾಂಚ್‌ಗಳನ್ನಷ್ಟೇ ಎಣಿಸಿದರೆ, ಗುರಿಗೆ ಹತ್ತಿರ ಬಂದು ತಪ್ಪಿದ ಇನ್‌ಪುಟ್‌ಗೂ ಎಲ್ಲೋ ದೂರದಲ್ಲಿ ಉಳಿದ ಇನ್‌ಪುಟ್‌ಗೂ ಒಂದೇ ಅಂಕ ಬೀಳುತ್ತದೆ. ಎಲ್ಲರಿಗೂ ಒಂದೇ ಅಂಕವಾದರೆ ಸೆಲೆಕ್ಷನ್‌ಗೆ ಆರಿಸಲು ಏನೂ ಇರುವುದಿಲ್ಲ. ಆಗ ಕ್ರಾಸ್‌ಓವರ್ (ಬೆರೆಸುವುದು), ಮ್ಯುಟೇಶನ್ (ಬದಲಿಸುವುದು) ಎಲ್ಲ ಇದ್ದೂ ನಡೆಯುವುದು ರ‍್ಯಾಂಡಮ್ ಹುಡುಕಾಟವೇ. ಪಾರ್ಟಿಕಲ್ ಸ್ವಾರ್ಮ್ ಹಾಕಿದರೂ ಅದೇ ಸಮತಟ್ಟು ನೆಲದ ಮೇಲೆ ಓಡಾಡುತ್ತದೆ.

ಚಿಕ್ಕದೊಂದು ಉದಾಹರಣೆ ತೆಗೆದುಕೊಳ್ಳೋಣ. ಫಂಕ್ಷನ್‌ಗೆ ಎರಡು ಪೂರ್ಣಾಂಕ ಇನ್‌ಪುಟ್: ಎ ಮತ್ತು ಬಿ. ಒಂದರೊಳಗೊಂದು ಮೂರು ಷರತ್ತುಗಳಿವೆ. ಮೊದಲನೆಯದು ಎ > 0. ಅದರೊಳಗೆ ಬಿ == 3 × ಎ. ಅದರೊಳಗೆ ಎ + ಬಿ == 100. ಒಳಗಿನ ಬ್ರಾಂಚ್ ನಮ್ಮ ಗುರಿ. ಉತ್ತರ ಒಂದೇ: ಎ = 25, ಬಿ = 75. ಎರಡೂ ಬೆಲೆಗಳನ್ನು −1000ದಿಂದ 1000ದವರೆಗೆ ಹುಡುಕಿದರೆ ಒಟ್ಟು ಜೋಡಿಗಳು 2001 × 2001, ಅಂದರೆ 40,04,001. ಪಾಪ್ಯುಲೇಶನ್ 50, ಜನರೇಶನ್ 100 ಇಟ್ಟುಕೊಂಡರೆ ನೀವು ಪ್ರಯತ್ನಿಸುವುದು 5,000 ಇನ್‌ಪುಟ್. ದಿಕ್ಕು ತೋರಿಸುವ ಫಿಟ್‌ನೆಸ್ ಇಲ್ಲದಿದ್ದರೆ ಗುರಿ ಸಿಗುವ ಸಾಧ್ಯತೆ ಸುಮಾರು 800ಕ್ಕೆ ಒಂದು. ನಿಮ್ಮ ಪ್ರೋಗ್ರಾಂ ನಿಂತುಬಿಡುವುದು ಇದಕ್ಕೇ.

ಈ ಕ್ಷೇತ್ರದಲ್ಲಿ ಬಳಸುವ ಅಳತೆಗೆ ಎರಡು ಭಾಗ. ಒಂದು ಅಪ್ರೋಚ್ ಲೆವೆಲ್: ಇನ್‌ಪುಟ್ ಗುರಿಯ ದಾರಿ ಬಿಟ್ಟ ಷರತ್ತಿನ ಒಳಗೆ ಇನ್ನೂ ಎಷ್ಟು ಷರತ್ತು ದಾಟುವುದು ಬಾಕಿ ಇತ್ತು ಎಂಬ ಎಣಿಕೆ. ಇನ್ನೊಂದು ಬ್ರಾಂಚ್ ಡಿಸ್ಟೆನ್ಸ್: ದಾರಿ ಬಿಟ್ಟ ಆ ಷರತ್ತು ನಿಜವಾಗಲು ಎಷ್ಟು ಕಡಿಮೆ ಬಿತ್ತು ಎಂಬ ಅಂತರ. ಸಮಾನತೆಗೆ ಎರಡು ಬೆಲೆಗಳ ವ್ಯತ್ಯಾಸವೇ ಅಂತರ. ಎ > 0 ಸುಳ್ಳಾದರೆ ಅಂತರ 0 − ಎ + 1. ಆ ಕೊನೆಯ 1 ಬಿಟ್ಟರೆ ಎ = 0 ಇದ್ದಾಗ ಷರತ್ತು ಸುಳ್ಳು, ಆದರೂ ಅಂತರ ಸೊನ್ನೆ ಎಂದು ಬರುತ್ತದೆ. ವಿದ್ಯಾರ್ಥಿಗಳ ಕೋಡ್‌ನಲ್ಲಿ ಹೆಚ್ಚು ಕಾಣುವ ದೋಷ ಇದು. ಅಂತರವನ್ನು ಡಿ ಎಂದರೆ ಡಿ ÷ (ಡಿ + 1) ಎಂದು ಕುಗ್ಗಿಸಿ ಅಪ್ರೋಚ್ ಲೆವೆಲ್‌ಗೆ ಕೂಡಿಸಬೇಕು. ಕಡಿಮೆಯಾದಷ್ಟೂ ಒಳ್ಳೆಯದು, ಸೊನ್ನೆ ಬಂದರೆ ಗುರಿ ಮುಟ್ಟಿತು.

ಈಗ ಲೆಕ್ಕ ಹಾಕಿ. (−5, 7) ಮೊದಲ ಷರತ್ತಿನಲ್ಲೇ ಹೊರಬೀಳುತ್ತದೆ: ಅಪ್ರೋಚ್ ಲೆವೆಲ್ 2, ಅಂತರ 6, ಫಿಟ್‌ನೆಸ್ 2.857. (10, 50) ಎರಡನೆಯದರಲ್ಲಿ ಬೀಳುತ್ತದೆ: ಲೆವೆಲ್ 1, ಅಂತರ 20, ಫಿಟ್‌ನೆಸ್ 1.952. (10, 35) ಇದ್ದರೆ ಅಂತರ 5, ಫಿಟ್‌ನೆಸ್ 1.833. (10, 30) ಎರಡನ್ನೂ ದಾಟಿ ಮೂರನೆಯದರಲ್ಲಿ ನಿಲ್ಲುತ್ತದೆ: ಲೆವೆಲ್ 0, ಅಂತರ 60, ಫಿಟ್‌ನೆಸ್ 0.984. ನಿಮ್ಮ ಎಣಿಕೆಯ ಫಿಟ್‌ನೆಸ್‌ನಲ್ಲಿ (10, 50) ಮತ್ತು (10, 35) ಎರಡಕ್ಕೂ ಒಂದೇ ಬೆಲೆ ಇತ್ತು. ಇಲ್ಲಿ ಎರಡನೆಯದು ಮೇಲು ಎಂದು ಹುಡುಕಾಟಕ್ಕೆ ಗೊತ್ತಾಗುತ್ತದೆ.

ಕುಗ್ಗಿಸುವ ಹೆಜ್ಜೆಯನ್ನು ಬಿಟ್ಟು ನೋಡಿದರೆ ಅದು ಯಾಕೆ ಬೇಕು ಎಂಬುದು ಇದೇ ಅಂಕಿಗಳಲ್ಲಿ ಸಿಗುತ್ತದೆ. ನೇರವಾಗಿ ಕೂಡಿದರೆ (10, 35)ಕ್ಕೆ 1 + 5 = 6, (10, 30)ಕ್ಕೆ 0 + 60 = 60. ಒಂದು ಷರತ್ತು ಹೆಚ್ಚು ದಾಟಿದ ಇನ್‌ಪುಟ್ಟೇ ಕಳಪೆ ಎಂದಾಗಿ, ಹುಡುಕಾಟ ಹಿಂದಕ್ಕೆ ಸರಿಯುತ್ತದೆ.

ಇಷ್ಟು ಮಾಡಿದರೂ ಈ ಉದಾಹರಣೆಯಲ್ಲಿ ಇನ್ನೊಂದು ಗುಂಡಿ ಇದೆ. ತರಗತಿಯಲ್ಲಿ ಅದನ್ನು ತಪ್ಪಿಸಬೇಡಿ, ಬೇಕೆಂದೇ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಿರಿ. 1990ರಲ್ಲಿ ಬೊಗ್ದಾನ್ ಕೊರೆಲ್ ಬಳಸಿದ ಆಲ್ಟರ್ನೇಟಿಂಗ್ ವೇರಿಯಬಲ್ ಮೆಥಡ್ ತುಂಬಾ ಸರಳ. ಒಂದು ಸಲಕ್ಕೆ ಒಂದೇ ವೇರಿಯಬಲ್ಲನ್ನು ಒಂದು ಹೆಚ್ಚಿಸಿ, ಒಂದು ಇಳಿಸಿ ನೋಡುವುದು. ಸುಧಾರಿಸಿದ ದಿಕ್ಕಿನಲ್ಲಿ 2, 4, 8 ಎಂದು ಹೆಜ್ಜೆಯನ್ನು ದುಪ್ಪಟ್ಟು ಮಾಡುತ್ತ ಹೋಗುವುದು. ಸುಧಾರಣೆ ನಿಂತರೆ ಮತ್ತೆ ಒಂದರಿಂದ ಶುರು. ಈ ವಿಧಾನ (10, 30)ಕ್ಕೆ ಬಂತು ಅಂದುಕೊಳ್ಳಿ. ಎ ಒಂದು ಹೆಚ್ಚಿಸಿದರೆ (11, 30): ಎರಡನೇ ಷರತ್ತು ಮುರಿದು ಫಿಟ್‌ನೆಸ್ 1.75. ಬಿ ಒಂದು ಹೆಚ್ಚಿಸಿದರೆ (10, 31): 1.5. ಇಳಿಸಿದರೂ ಹಾಗೇ. ನಾಲ್ಕು ಕಡೆಯೂ 0.984ಕ್ಕಿಂತ ಕೆಟ್ಟದ್ದು, ಹಾಗಾಗಿ ಹುಡುಕಾಟ ಅಲ್ಲೇ ಸಿಕ್ಕಿಬೀಳುತ್ತದೆ. ಇದು ಲೋಕಲ್ ಆಪ್ಟಿಮಂ. ಎ ಅನ್ನು ಮೊದಲು ಅಲುಗಿಸುವ ಕ್ರಮ ಇಟ್ಟುಕೊಂಡರೆ ಗುರಿ ಸಿಗುವುದು ಶುರುವಿನ ಬಿ ಬೆಲೆ 74, 75 ಅಥವಾ 76 ಇದ್ದಾಗ ಮಾತ್ರ. ಅಂದರೆ 2001ರಲ್ಲಿ 3, ಸುಮಾರು 667 ಸಲ ಹೊಸದಾಗಿ ಶುರು ಮಾಡಿದರೆ ಒಮ್ಮೆ. 40 ಲಕ್ಷಕ್ಕಿಂತ ಇದು ಎಷ್ಟೋ ಮೇಲು, ಆದರೂ ತೃಪ್ತಿಕರವಲ್ಲ.

ಪರಿಹಾರಕ್ಕೆ ಮತ್ತೆ ಅಲ್ಗಾರಿದಂನ ಹೆಸರು ಹುಡುಕಬೇಡಿ, ಷರತ್ತಿನ ರಚನೆಯನ್ನು ನೋಡಿ. ಎ ಒಂದು ಏರಿದಾಗ ಬಿ ಮೂರು ಏರಿದರೆ ಎರಡನೇ ಷರತ್ತು ಉಳಿಯುತ್ತದೆ. ಎರಡು ವೇರಿಯಬಲ್‌ಗಳನ್ನೂ ಬೇರೆಬೇರೆ ಅಳತೆಯಲ್ಲಿ ಒಟ್ಟಿಗೆ ಅಲುಗಿಸುವ ಮ್ಯುಟೇಶನ್ ಸೇರಿಸಿದರೆ ಗುಂಡಿಯಿಂದ ಹೊರಬರಲು ದಾರಿ ಇರುತ್ತದೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ವಿದ್ಯಾರ್ಥಿಗಳಿಗೆ ಹೇಳಲೇಬೇಕು: ಈ ಷರತ್ತುಗಳು ಬರೀ ಸರಳ ಸಮೀಕರಣಗಳು, ಷರತ್ತುಗಳನ್ನು ಗಣಿತದಿಂದಲೇ ಬಿಡಿಸುವ ಕನ್‌ಸ್ಟ್ರೇಂಟ್ ಸಾಲ್ವರ್ ಇವನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಿಡಿಸುತ್ತದೆ. ಹುಡುಕಾಟದ ವಿಧಾನಗಳಿಗೆ ನಿಜವಾದ ಕೆಲಸ ಬರುವುದು ಸಾಲ್ವರ್ ಕೈಚೆಲ್ಲುವ ಕಡೆ: ಸೋರ್ಸ್ ಸಿಗದ ಲೈಬ್ರರಿ ಕರೆಗಳು, ಜಟಿಲ ಫ್ಲೋಟಿಂಗ್ ಪಾಯಿಂಟ್ ಲೆಕ್ಕಗಳು, ಸಿಮ್ಯುಲೇಟರ್‌ಗಳು, ಓಡಿಸಿ ನೋಡದೆ ಫಲಿತಾಂಶ ತಿಳಿಯದ ವ್ಯವಸ್ಥೆಗಳು. ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯದ ಪಿಎಚ್‌ಡಿ ಪ್ರಸ್ತಾವನೆಗೆ ವೈವಾದಲ್ಲಿ ಮೊದಲ ಪ್ರಶ್ನೆಯೇ ಇದು.

ಫ್ಲಾಗ್ ವೇರಿಯಬಲ್ ಬಗ್ಗೆಯೂ ಎಚ್ಚರ ಬೇಕು. ಬಿ == 3 × ಎ ಎಂಬ ಹೋಲಿಕೆಯ ಫಲಿತಾಂಶವನ್ನು ಮೊದಲು ಒಂದು ಬೂಲಿಯನ್‌ನಲ್ಲಿಟ್ಟು, ಹತ್ತು ಸಾಲು ಕೆಳಗೆ ಆ ಬೂಲಿಯನ್ ಮೇಲೆ ಷರತ್ತು ಹಾಕಿದ್ದರೆ ಅಂತರ 0 ಅಥವಾ 1 ಅಷ್ಟೇ; ಮತ್ತೆ ಸಮತಟ್ಟು. ಮಾರ್ಕ್ ಹಾರ್ಮನ್ ಮತ್ತು ಸಂಗಡಿಗರು 2004ರಲ್ಲಿ ವಿವರಿಸಿದ ಟೆಸ್ಟಬಿಲಿಟಿ ಟ್ರಾನ್ಸ್‌ಫರ್ಮೇಶನ್ ಇಂಥದ್ದಕ್ಕೆ. ಫ್ಲಾಗ್ ಇರುವ ಕಡೆ ಮೂಲ ಹೋಲಿಕೆಯನ್ನೇ ತಂದು ಕೂರಿಸಿ ಇನ್‌ಪುಟ್ ಹುಡುಕುವುದು, ಸಿಕ್ಕ ಮೇಲೆ ಬದಲಿಸಿದ ಪ್ರೋಗ್ರಾಂ ಎಸೆದು ಮೂಲದ ಮೇಲೆ ಟೆಸ್ಟ್ ಓಡಿಸುವುದು. ಸಂಯುಕ್ತ ಷರತ್ತುಗಳಲ್ಲಿ ‘ಮತ್ತು’ ಇದ್ದರೆ ಅಂತರಗಳ ಮೊತ್ತ, ‘ಅಥವಾ’ ಇದ್ದರೆ ಎರಡರಲ್ಲಿ ಚಿಕ್ಕದು. ಆದರೆ ಎರಡೂ ಬದಿಯನ್ನು ಕುರುಡಾಗಿ ಲೆಕ್ಕ ಹಾಕಬೇಡಿ. ಎ > 0 ಮತ್ತು 10 ÷ ಎ > 2 ಎಂಬ ಷರತ್ತಿನಲ್ಲಿ ಮೊದಲ ಭಾಗ ಸುಳ್ಳಾದಾಗ ಭಾಷೆ ಎರಡನೆಯದನ್ನು ಮುಟ್ಟುವುದಿಲ್ಲ. ಅಂತರ ಅಳೆಯಲು ನೀವು ಸೇರಿಸಿದ ಕೋಡ್ (ಇನ್‌ಸ್ಟ್ರುಮೆಂಟೇಶನ್) ಮುಟ್ಟಿದರೆ, ಎ ಸೊನ್ನೆಯಾದಾಗ ಮೂಲದಲ್ಲಿ ಇಲ್ಲದ ಎರರ್ ಬರುತ್ತದೆ.

ಪಾಠದ ಕ್ರಮ ಇದರಿಂದಲೇ ಹೊರಡುತ್ತದೆ. ಮೊದಲ ಎರಡು ವಾರ ಯಾವ ಅಲ್ಗಾರಿದಂ ಬೇಡ. ಕಾಗದದ ಮೇಲೆ ಷರತ್ತು, ಇನ್‌ಪುಟ್, ಅಂತರ, ಅಷ್ಟೇ. ಮೂರು ಬಾಹುಗಳ ಉದ್ದ ಕೊಟ್ಟರೆ ತ್ರಿಭುಜದ ಬಗೆ ಹೇಳುವ ಹಳೆಯ ಪ್ರೋಗ್ರಾಂ ಸಾಕು. ಸಮಬಾಹು ಬ್ರಾಂಚ್ ರ‍್ಯಾಂಡಮ್‌ಗೆ ಯಾಕೆ ಸಿಗುವುದಿಲ್ಲ ಎಂಬುದನ್ನು ಅವರೇ ಲೆಕ್ಕ ಹಾಕಲಿ. ನಂತರ ಅಂತರ ಅಳೆಯುವ ಫಂಕ್ಷನ್‌ಗಳನ್ನು ಕೈಯಾರೆ ಕೋಡ್‌ಗೆ ಸೇರಿಸಲಿ. ಮೂರನೇ ವಾರ ರ‍್ಯಾಂಡಮ್ ಸರ್ಚ್, ನಾಲ್ಕನೇ ವಾರ ಹಿಲ್ ಕ್ಲೈಂಬಿಂಗ್ (ಸುತ್ತಲಿನ ಉತ್ತರಗಳಲ್ಲಿ ಮೇಲಾದದ್ದಕ್ಕೆ ಸರಿಯುತ್ತ ಹೋಗುವುದು) ಮತ್ತು ಮೇಲೆ ಹೇಳಿದ ಆಲ್ಟರ್ನೇಟಿಂಗ್ ವೇರಿಯಬಲ್ ಮೆಥಡ್, ಆಮೇಲೆ ಜೆನೆಟಿಕ್ ಅಲ್ಗಾರಿದಂ. ಸಿದ್ಧ ಟೂಲ್ ಬರುವುದು ಇವೆಲ್ಲ ಆದ ಮೇಲೆ.

ಜಾವಾಗೆ ಗಾರ್ಡನ್ ಫ್ರೇಸರ್ ಮತ್ತು ಆಂಡ್ರಿಯಾ ಅರ್ಕೂರಿ 2011ರಲ್ಲಿ ಹೊರತಂದ, ಟೆಸ್ಟ್‌ಗಳನ್ನು ತಾನಾಗಿ ಹುಟ್ಟಿಸುವ ಇವೊಸೂಟ್ ಇದೆ, ಪೈಥಾನ್‌ಗೆ ಪಿಂಗ್ವಿನ್ ಇದೆ. ಪಿಂಗ್ವಿನ್ ನಿಮ್ಮ ಮಾಡ್ಯೂಲನ್ನು ಸಿಕ್ಕಸಿಕ್ಕ ಇನ್‌ಪುಟ್ ಕೊಟ್ಟು ನಿಜವಾಗಿಯೇ ಓಡಿಸುತ್ತದೆ. ಫೈಲ್ ಅಳಿಸುವ ಫಂಕ್ಷನ್ ಇದ್ದರೆ ಫೈಲ್ ಅಳಿಸಿಯೇ ಹೋಗುತ್ತದೆ. ಲ್ಯಾಬ್ ಯಂತ್ರಗಳಲ್ಲಿ ಡಾಕರ್ ಕಂಟೇನರ್ (ಉಳಿದ ಯಂತ್ರದಿಂದ ಬೇರ್ಪಡಿಸಿದ ಆವರಣ) ಒಳಗೆ ಮಾತ್ರ ಓಡಿಸಲು ಬಿಡಿ. ಟೈಪ್ ಹಿಂಟ್ ಇಲ್ಲದ ಕೋಡ್ ಕೊಟ್ಟರೆ ಯಾವ ಬಗೆಯ ಬೆಲೆ ಕೊಡಬೇಕೆಂದು ಅದಕ್ಕೆ ತಿಳಿಯದೆ ಕವರೇಜ್ ಕುಸಿಯುತ್ತದೆ. ಇವೊಸೂಟ್ ಹುಟ್ಟಿಸುವ ಅಸರ್ಶನ್‌ಗಳ (ಫಲಿತಾಂಶ ಇದೇ ಇರಬೇಕು ಎಂದು ಪರೀಕ್ಷಿಸುವ ಸಾಲುಗಳ) ವಿಷಯದಲ್ಲಿ ವಿದ್ಯಾರ್ಥಿಗಳು ಬೇಗ ಮೋಸಹೋಗುತ್ತಾರೆ. ಆ ಅಸರ್ಶನ್‌ಗಳು ಹೇಳುವುದು ಕೋಡ್ ಈಗ ಏನು ಮಾಡುತ್ತಿದೆ ಎಂಬುದನ್ನು. ಏನು ಮಾಡಬೇಕಿತ್ತು ಎಂಬುದು ಟೂಲ್‌ಗೆ ಗೊತ್ತಿಲ್ಲ. ಬಗ್ ಇರುವ ಕೋಡ್ ಕೊಟ್ಟರೆ ಬಗ್ಗನ್ನೇ ಸರಿ ಎಂದು ದಾಖಲಿಸಿ ಹಸಿರು ತೋರಿಸುತ್ತದೆ. ಬೇಕೆಂದೇ ಒಂದು ಬಗ್ ಇಟ್ಟ ಕ್ಲಾಸ್ ಕೊಟ್ಟು, ಹುಟ್ಟಿದ ಟೆಸ್ಟ್‌ಗಳಲ್ಲಿ ಆ ಬಗ್ಗನ್ನು ಸಮರ್ಥಿಸುವ ಸಾಲು ಯಾವುದು ಎಂದು ಹುಡುಕಲು ಹೇಳಿ. ಇಂಟರ್ನಲ್ಸ್‌ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ.

ಟೆಸ್ಟಿಂಗ್‌ನಲ್ಲೇ ಸೆಮಿಸ್ಟರ್ ಮುಗಿಸಬೇಡಿ. ಈ ಬಗೆಯ ಕೆಲಸ ವೆಬ್ ಮಿಲ್ಲರ್ ಮತ್ತು ಡೇವಿಡ್ ಸ್ಪೂನರ್ 1976ರಲ್ಲಿ ಫ್ಲೋಟಿಂಗ್ ಪಾಯಿಂಟ್ ಟೆಸ್ಟ್ ಡೇಟಾ ಹುಡುಕಿಸಿದಾಗಿನಿಂದ ಇದೆ. 2001ರಲ್ಲಿ ಹಾರ್ಮನ್ ಮತ್ತು ಬ್ರಯಾನ್ ಜೋನ್ಸ್ ಸರ್ಚ್ ಬೇಸ್ಡ್ ಎಂಬ ಹೆಸರಿಟ್ಟದ್ದು ಸಾಫ್ಟ್‌ವೇರ್ ಎಂಜಿನಿಯರಿಂಗ್‌ನ ಎಲ್ಲ ಹಂತಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು. ಅದೇ ವರ್ಷ ಬಂದ ನೆಕ್ಸ್ಟ್ ರಿಲೀಸ್ ಪ್ರಾಬ್ಲಂ ತರಗತಿಗೆ ಹೇಳಿಮಾಡಿಸಿದಂತಿದೆ: ಪ್ರತಿ ರಿಕ್ವೈರ್‌ಮೆಂಟ್‌ಗೆ ಒಂದು ಖರ್ಚು, ಗ್ರಾಹಕರಿಗೆ ಒಂದು ಬೆಲೆ (ಅವರು ಎಷ್ಟು ಮುಖ್ಯ ಎಂಬ ಅಂಕ), ಬಜೆಟ್‌ಗೆ ಮಿತಿ, ಯಾವುದನ್ನು ಮುಂದಿನ ಬಿಡುಗಡೆಗೆ ಆರಿಸುವುದು? ಖರ್ಚು ಮತ್ತು ಬೆಲೆಯನ್ನು ಎರಡು ಬೇರೆ ಉದ್ದೇಶಗಳಾಗಿ ಇಟ್ಟರೆ ಒಂದೇ ಉತ್ತರದ ಬದಲು ಪರೇಟೋ ಫ್ರಂಟ್ ಸಿಗುತ್ತದೆ, ಅಂದರೆ ಒಂದು ಉದ್ದೇಶವನ್ನು ಕೆಡಿಸದೆ ಇನ್ನೊಂದನ್ನು ಸುಧಾರಿಸಲಾಗದ ಉತ್ತರಗಳ ಸಾಲು. ಅದಕ್ಕೆ ಬಹಳ ಮಂದಿ ಬಳಸುವ ಎನ್‌ಎಸ್‌ಜಿಎ-2, ಕಲ್ಯಾಣ್ಮೊಯ್ ದೇಬ್ ಮತ್ತು ಅವರ ಜೊತೆಗಾರರು ಐಐಟಿ ಕಾನ್ಪುರದಲ್ಲಿ ರೂಪಿಸಿ 2002ರಲ್ಲಿ ಪ್ರಕಟಿಸಿದ ಅಲ್ಗಾರಿದಂ.

ಇಲ್ಲಿ ರಿಕ್ವೈರ್‌ಮೆಂಟ್‌ಗಳ ಸಂಖ್ಯೆ 20ಕ್ಕೆ ನಿಲ್ಲಿಸಿ. 20ರ ಉಪಗಣಗಳು 10,48,576. ಲ್ಯಾಪ್‌ಟಾಪ್ ಎಲ್ಲವನ್ನೂ ಎಣಿಸಿ ನಿಜವಾದ ಪರೇಟೋ ಫ್ರಂಟ್ ಕೊಡುತ್ತದೆ. ಎನ್‌ಎಸ್‌ಜಿಎ-2 ಕೊಟ್ಟದ್ದನ್ನು ಅದರ ಪಕ್ಕಕ್ಕಿಟ್ಟರೆ ಎಲ್ಲಿ ತಪ್ಪಿತು ಎಂದು ಕಣ್ಣಿಗೇ ಕಾಣುತ್ತದೆ. 200ಕ್ಕೆ ಏರಿಸಿದ ಮೇಲೆ ಆ ಅನುಕೂಲ ಇರುವುದಿಲ್ಲ. ಒಂದು ರಿಕ್ವೈರ್‌ಮೆಂಟ್ ಇನ್ನೊಂದರ ಮೇಲೆ ಅವಲಂಬಿತವಾಗಿದ್ದರೆ ಅಸಾಧ್ಯ ಆಯ್ಕೆಗಳು ಹುಟ್ಟುತ್ತವೆ. ಅವಕ್ಕೆ ದಂಡ ಹಾಕುವುದಕ್ಕಿಂತ, ಬಿಟ್ಟುಹೋದ ಅವಲಂಬನೆಯನ್ನು ಸೇರಿಸಿ ಸರಿಪಡಿಸುವುದು ಇಂಥ ಕಡೆ ಚೆನ್ನಾಗಿ ನಡೆಯುತ್ತದೆ. ಹೈಪರ್‌ವಾಲ್ಯೂಮ್ (ಒಂದು ರೆಫರೆನ್ಸ್ ಪಾಯಿಂಟ್‌ನಿಂದ ಫ್ರಂಟ್ ಆವರಿಸುವ ಜಾಗ) ಅಳೆಯುವಾಗ ಎರಡೂ ಉದ್ದೇಶಗಳನ್ನು ಒಂದೇ ವ್ಯಾಪ್ತಿಗೆ ತನ್ನಿ, ಹೋಲಿಸುವ ಎಲ್ಲ ಅಲ್ಗಾರಿದಂಗಳಿಗೂ ಒಂದೇ ರೆಫರೆನ್ಸ್ ಪಾಯಿಂಟ್ ಇಡಿ. ಇದನ್ನು ಮರೆತ ಟೇಬಲ್‌ಗಳನ್ನು ನಂಬಲಾಗದು.

ಪ್ರಯೋಗದ ವಿಷಯ. ಈ ಅಲ್ಗಾರಿದಂಗಳು ಸೀಡ್ (ಆಕಸ್ಮಿಕ ಸಂಖ್ಯೆಗಳನ್ನು ಹುಟ್ಟಿಸಲು ಕೊಡುವ ಆರಂಭದ ಸಂಖ್ಯೆ) ಬದಲಾದಂತೆ ಬೇರೆ ಫಲಿತಾಂಶ ಕೊಡುತ್ತವೆ, ಆದ್ದರಿಂದ ಒಂದು ಸಲ ಓಡಿಸಿದ್ದಕ್ಕೆ ಬೆಲೆ ಇಲ್ಲ. ಅರ್ಕೂರಿ ಮತ್ತು ಲಯನೆಲ್ ಬ್ರಿಯಾಂಡ್ 2011ರಲ್ಲಿ ಇದಕ್ಕೊಂದು ಮಾರ್ಗದರ್ಶಿ ಬರೆದರು, ರಿವ್ಯೂವರ್‌ಗಳು ಇಂದಿಗೂ ನೋಡುವುದು ಅದನ್ನೇ. ಪ್ರತಿ ಅಲ್ಗಾರಿದಂ, ಪ್ರತಿ ಪ್ರೋಗ್ರಾಂಗೆ ಕನಿಷ್ಠ 30 ಓಟ, ಸಾಧ್ಯವಿದ್ದರೆ ಅದಕ್ಕಿಂತ ತುಂಬಾ ಹೆಚ್ಚು. ಪ್ರತಿ ಓಟದ ಸೀಡ್ ಫೈಲ್‌ನಲ್ಲಿ ಬರೆದಿಡಿ. ವ್ಯತ್ಯಾಸ ಆಕಸ್ಮಿಕವೇ ಎಂದು ತಿಳಿಯಲು ಮಾನ್–ವಿಟ್ನಿ ಪರೀಕ್ಷೆ, ಎಷ್ಟು ದೊಡ್ಡದು ಎಂದು ತಿಳಿಯಲು ವರ್ಗಾ–ಡೆಲಾನಿ ಅಳತೆ. ಎರಡನೆಯದು ಸುಲಭ: ಎರಡು ಅಲ್ಗಾರಿದಂಗಳ 30 ಓಟಗಳನ್ನು ಜೋಡಿ ಮಾಡಿದರೆ 900 ಜೋಡಿ. ನಿಮ್ಮದು 630ರಲ್ಲಿ ಗೆದ್ದು, 60ರಲ್ಲಿ ಸಮವಾದರೆ (630 + 30) ÷ 900 = 0.73. ವ್ಯತ್ಯಾಸವೇ ಇಲ್ಲದಿದ್ದರೆ 0.5 ಬರುತ್ತದೆ, 0.71 ದಾಟಿದರೆ ದೊಡ್ಡದೆಂದು ಎಣಿಸುವುದು ರೂಢಿ.

ಬಜೆಟ್ಟನ್ನು ಜನರೇಶನ್‌ಗಳಲ್ಲಿ ಅಳೆಯಬೇಡಿ, ಫಿಟ್‌ನೆಸ್ ಲೆಕ್ಕ ಹಾಕಿದ ಸಲಗಳಲ್ಲಿ ಅಳೆಯಿರಿ. ನಿಮ್ಮದಕ್ಕೆ 5,000 ಸಲ ಕೊಟ್ಟರೆ ರ‍್ಯಾಂಡಮ್‌ಗೂ 5,000 ಕೊಡಲೇಬೇಕು. ಸಮಯದಲ್ಲಿ ಅಳೆದರೆ, ಹಲವರು ಹಂಚಿಕೊಂಡ ಯಂತ್ರದಲ್ಲಿ ನಾಳೆ ಬೇರೆ ಅಂಕಿ ಬರುತ್ತದೆ. ಗುರಿ ಸಿಗದೆ ಬಜೆಟ್ ಮುಗಿದ ಓಟಗಳನ್ನು ಕೈಬಿಟ್ಟು ಉಳಿದವುಗಳ ಸರಾಸರಿ ಕೊಡುವುದು ಇನ್ನೊಂದು ದೊಡ್ಡ ತಪ್ಪು. 30ರಲ್ಲಿ 4 ಸಲ ಮಾತ್ರ ಗೆದ್ದ ಅಲ್ಗಾರಿದಂ ಆಗ ಅತಿ ವೇಗದ್ದು ಎಂದು ಕಾಣುತ್ತದೆ. ಎಷ್ಟು ಸಲ ಗೆದ್ದಿತು ಎಂಬುದು ಮೊದಲ ಕಾಲಂನಲ್ಲಿರಲಿ. ಒಂದು ಪ್ರೋಗ್ರಾಂ ಮೇಲೆ ಪ್ಯಾರಾಮೀಟರ್ ಹೊಂದಿಸಿಕೊಂಡು ಅದರ ಮೇಲೇ ಗೆಲುವು ತೋರಿಸುವುದೂ ಹೀಗೆಯೇ ಸಲ್ಲದು.

ಪಿಎಚ್‌ಡಿಗೆ ವಿಷಯ ಆರಿಸುವಾಗ ಪ್ರೋಗ್ರಾಂ ರಿಪೇರಿಯ ಇತಿಹಾಸ ಓದಿಕೊಳ್ಳಿ. ಜೆನ್‌ಪ್ರಾಗ್ ಎಂಬ ವ್ಯವಸ್ಥೆ 2009ರಲ್ಲಿ ಬಂತು. ಜೆನೆಟಿಕ್ ಪ್ರೋಗ್ರಾಮಿಂಗ್‌ನಿಂದ (ಪ್ರೋಗ್ರಾಂಗಳನ್ನೇ ಬೆರೆಸಿ ಬದಲಿಸುವ ಜೆನೆಟಿಕ್ ಅಲ್ಗಾರಿದಂನಿಂದ) ಸಿ ಕೋಡ್‌ನ ಬಗ್ ಸರಿಪಡಿಸುವುದು ಅದರ ಕೆಲಸ. 2012ರಲ್ಲಿ 105 ಬಗ್‌ಗಳಲ್ಲಿ 55 ಸರಿಯಾದವು ಎಂದು ವರದಿಯಾಯಿತು. 2015ರಲ್ಲಿ ಎಂಐಟಿಯ ತಂಡವೊಂದು ಆ ಪ್ಯಾಚ್‌ಗಳನ್ನು ಒಂದೊಂದಾಗಿ ಓದಿ ನೋಡಿದಾಗ ನಿಜಕ್ಕೂ ಸರಿಯಾಗಿದ್ದದ್ದು 2 ಬಗ್‌ಗಳಷ್ಟೇ. ಹೆಚ್ಚಿನ ಪ್ಯಾಚ್‌ಗಳು ಮಾಡಿದ್ದು ತೊಂದರೆ ಕೊಡುವ ಕೆಲಸವನ್ನೇ ಪ್ರೋಗ್ರಾಂನಿಂದ ತೆಗೆದುಹಾಕುವುದಕ್ಕೆ ಸಮ. ಅಲ್ಗಾರಿದಂ ಎಲ್ಲೂ ಎಡವಿರಲಿಲ್ಲ. ಟೆಸ್ಟ್ ಪಾಸಾಗಬೇಕು ಎಂಬುದೇ ಫಿಟ್‌ನೆಸ್ ಆಗಿತ್ತು, ಟೆಸ್ಟ್‌ಗಳಲ್ಲಿ ತೂತಿತ್ತು, ಹುಡುಕಾಟ ಆ ತೂತನ್ನು ಹುಡುಕಿಕೊಂಡಿತು. ಹಾಗಾಗಿ ರಿಪೇರಿಯ ಮೇಲೆ ಕೆಲಸ ಮಾಡುವುದಾದರೆ ಹುಡುಕಾಟಕ್ಕೆ ತೋರಿಸದ ಟೆಸ್ಟ್‌ಗಳನ್ನು ಬೇರೆ ಇಟ್ಟುಕೊಂಡು, ಪ್ಯಾಚ್‌ಗಳನ್ನು ಮನುಷ್ಯರು ಓದಿ ಪರಿಶೀಲಿಸಲೇಬೇಕು.

ಗಟ್ಟಿಯಾಗಿ ನಿಂತ ಕೆಲಸಗಳೂ ಇವೆ. ಬಿಲ್ ಲ್ಯಾಂಗ್ಡನ್ ಮತ್ತು ಹಾರ್ಮನ್ ಡಿಎನ್‌ಎ ಸರಣಿ ಹೊಂದಿಸುವ ಬೌಟೈ-2 ಎಂಬ 50,000 ಸಾಲಿನ ಪ್ರೋಗ್ರಾಮನ್ನು ಜೆನೆಟಿಕ್ ಇಂಪ್ರೂವ್‌ಮೆಂಟ್‌ನಿಂದ (ಇರುವ ಪ್ರೋಗ್ರಾಮನ್ನು ಇಂಥದ್ದೇ ಹುಡುಕಾಟದಿಂದ ಸುಧಾರಿಸುವುದು) ತಿದ್ದಿ, ತಾವು ಆರಿಸಿದ ಬಗೆಯ ಡೇಟಾ ಮೇಲೆ ಸರಾಸರಿ 70 ಪಟ್ಟು ವೇಗ ಪಡೆದರು. ಆ ಬಗೆಯ ಡೇಟಾ ಎಂಬ ಮಿತಿಯನ್ನು ಮರೆಯಬಾರದು. ಆಂಡ್ರಾಯ್ಡ್ ಆ್ಯಪ್‌ಗಳಿಗೆ 2016ರಲ್ಲಿ ಬಂದ ಸೇಪಿಯೆನ್ಸ್ ಒಟ್ಟಿಗೆ ಮೂರು ಉದ್ದೇಶ ಇಟ್ಟುಕೊಂಡಿತ್ತು: ಕವರೇಜ್ ಹೆಚ್ಚಿರಬೇಕು, ಕ್ರ್ಯಾಶ್ ಹೆಚ್ಚು ಸಿಗಬೇಕು, ಟೆಸ್ಟ್‌ನ ಹೆಜ್ಜೆಗಳು ಕಡಿಮೆ ಇರಬೇಕು. ಆ ಮೂರನೆಯದರಲ್ಲಿದೆ ಜಾಣತನ. ಐನೂರು ಟ್ಯಾಪ್ ಆದ ಮೇಲೆ ಬರುವ ಕ್ರ್ಯಾಶನ್ನು ಯಾವ ಡೆವಲಪರೂ ಕೂತು ನೋಡುವುದಿಲ್ಲ. ಮುಂದೆ ಫೇಸ್‌ಬುಕ್ ಅದನ್ನು ಒಳಗೆ ತಂದುಕೊಂಡು ಬಳಸಿತು.

ಹೊಸ ಪ್ರಾಣಿಯ ಹೆಸರಿನ ಅಲ್ಗಾರಿದಂ ತಂದು ಹಳೆಯ ಸಮಸ್ಯೆಗೆ ಹಾಕುವುದು ವಿಷಯವಲ್ಲ. ಹೊಸ ಸಮಸ್ಯೆಗೆ ಸರಿಯಾದ ಫಿಟ್‌ನೆಸ್ ಕಟ್ಟುವುದು ವಿಷಯ. ನಿಮ್ಮ ಕೈಗೆಟುಕುವ ಒಂದು ಸೂಚಿಸುತ್ತೇನೆ: ಕನ್ನಡ ಪಠ್ಯ ನಿಭಾಯಿಸುವ ಕೋಡ್‌ಗೆ ಟೆಸ್ಟ್ ಇನ್‌ಪುಟ್ ಹುಟ್ಟಿಸುವುದು. ಯೂನಿಕೋಡ್‌ನ ಮೊದಲ 65,536 ಸಂಕೇತಸ್ಥಾನಗಳಲ್ಲಿ ಕನ್ನಡಕ್ಕೆ ಮೀಸಲಾದದ್ದು 128. ಅಕ್ಷರವನ್ನು ರ‍್ಯಾಂಡಮ್ ಆಗಿ ಬದಲಿಸುವ ಮ್ಯುಟೇಶನ್ ಕನ್ನಡದೊಳಗೆ ಬೀಳುವ ಸಾಧ್ಯತೆ 512ಕ್ಕೆ ಒಂದು. ಬಿದ್ದರೂ ಸಾಲದು: ‘ಕ್ಷ’ ಕಣ್ಣಿಗೆ ಒಂದು, ಒಳಗೆ ಕ, ಹಲಂತ ಚಿಹ್ನೆ (್), ಷ ಎಂದು ಮೂರು, ನಡುವಿನದನ್ನು ಬದಲಿಸಿದರೆ ಒತ್ತಕ್ಷರವೇ ಮುರಿಯುತ್ತದೆ. ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಎರಡೂ ನೋಡಲು ಒಂದೇ, ಆದರೆ ನೇರ ಹೋಲಿಕೆಯಲ್ಲಿ ಬೇರೆ. ಅಕ್ಷರಗುಚ್ಛದ ಮಟ್ಟದಲ್ಲಿ ಮ್ಯುಟೇಶನ್, ಅದಕ್ಕೊಪ್ಪುವ ಸ್ಟ್ರಿಂಗ್ ಅಂತರ, ನಾರ್ಮಲೈಸ್ ಮಾಡಿದರೂ (ಎರಡು ಬಗೆಯ ಬರಹವನ್ನು ಒಂದೇ ರೂಪಕ್ಕೆ ತಂದರೂ) ಮಾಡದಿದ್ದರೂ ಹುಡುಕಿದಾಗ ಒಂದೇ ಫಲಿತಾಂಶ ಬರಬೇಕು ಎಂಬ ಆರಾಕಲ್ (ಸರಿ ತಪ್ಪು ಹೇಳುವ ನಿಯಮ): ಈ ಮೂರನ್ನೂ ಕಟ್ಟಿ, ಅಕ್ಷರ ಗೊತ್ತಿಲ್ಲದ ಸಾಮಾನ್ಯ ಮ್ಯುಟೇಶನ್ ಜೊತೆ 30 ಓಟಗಳಲ್ಲಿ ಹೋಲಿಸಿದರೆ ಮೊದಲ ಪೇಪರ್‌ಗೆ ಬೇಕಾದ ಸಾಮಗ್ರಿ ಸಿಗುತ್ತದೆ.

ಕಳಿಸಲು 2009ರಿಂದ ನಡೆಯುತ್ತಿರುವ ಎಸ್‌ಎಸ್‌ಬಿಎಸ್‌ಇ ಸಿಂಪೋಸಿಯಂ ಈ ಕ್ಷೇತ್ರದ್ದೇ ವೇದಿಕೆ. ಕೋಡ್, ಸೀಡ್‌ಗಳು, ಪ್ರತಿ ಓಟದ ಕಚ್ಚಾ ಫಲಿತಾಂಶ, ಡಾಕರ್ ಫೈಲ್ ಇಷ್ಟನ್ನೂ ಒಂದು ಆರ್ಕೈವ್‌ನಲ್ಲಿಟ್ಟು ಪೇಪರ್ ಜೊತೆಗೇ ಕೊಡಿ. ಕೊಡುವ ಮುಂಚೆ ಆ ಆರ್ಕೈವನ್ನು ಪ್ರಯೋಗದಲ್ಲಿ ಭಾಗವಹಿಸದ ವಿದ್ಯಾರ್ಥಿಯೊಬ್ಬರ ಕೈಗಿಟ್ಟು, ಏನೂ ಹೇಳಿಕೊಡದೆ, ಒಂದು ಟೇಬಲ್ ಮತ್ತೆ ಬರಿಸಿ ನೋಡಿ.